ರೊನಾಲ್ಡ್ ರಾಸ್ ಜೀವನ ಮತ್ತು ಮಲೇರಿಯಾ ಲಸಿಕೆಯ ಪಾಠ

ಮಲೇರಿಯಾ ಲಸಿಕೆಯ ಪಾಠವನ್ನು ರೊನಾಲ್ಡ್ ರಾಸ್ ಅವರ ಜೀವನದಿಂದ ಆರಂಭಿಸಿರೆಂದು ನಾನು ಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತೇನೆ. ಆದರೆ ಹೆಚ್ಚಿನ ಪಾಠಯೋಜನೆಗಳು ಸಿಕಂದರಾಬಾದಿನಲ್ಲೇ ಮುಗಿದುಬಿಡುತ್ತವೆ. ಲಸಿಕೆ ಅರ್ಥವಾಗಬೇಕಾದರೆ ಅಲ್ಲಿಂದ ಮುಂದೆ ಹೋಗಬೇಕು.

ರಾಸ್ 1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದರು. ಒಲವಿದ್ದುದು ಸಾಹಿತ್ಯದಲ್ಲಿ, ವೈದ್ಯರಾದದ್ದು ಸೇನಾಧಿಕಾರಿಯಾಗಿದ್ದ ತಂದೆಯ ಇಚ್ಛೆಯಂತೆ. 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಬಂಗಲೆಯ ಹೊರಗಿನ ತೊಟ್ಟಿಯ ನೀರು ಚೆಲ್ಲಿಸಿ ಸೊಳ್ಳೆಕಾಟ ತಗ್ಗಿಸಿದರು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಅವರಿಗೆ ತಿಳಿದಿರಲಿಲ್ಲ. (ನಮ್ಮ ಮಕ್ಕಳಿಗೆ ಈ ತೊಟ್ಟಿಯ ಕಥೆ ಬಹಳ ಹಿಡಿಸುತ್ತದೆ.) ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿ, ಕಚ್ಚಿಸಿಕೊಂಡ ಸೊಳ್ಳೆಗೆ ಒಂದಾಣೆಯಂತೆ ಪಡೆದು ನೆರವಾದ. 1897ರ ಆಗಸ್ಟ್ 20ರಂದು ಅಂಥ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರಾಸ್ ಪರಾವಲಂಬಿಯನ್ನು ಕಂಡರು.

ಹೊಟ್ಟೆಯಿಂದ ಅದು ಹೊರಬರುವುದು ಹೇಗೆ? ಉತ್ತರ ಸಿಕ್ಕಿದ್ದು ಮರುವರ್ಷ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾದಲ್ಲಿ. ಕಡ್ಡಿಯಂಥ ಸಣ್ಣ ಜೀವಿಗಳು ಸೊಳ್ಳೆಯ ಜೊಲ್ಲುಗ್ರಂಥಿಗೆ ಸೇರಿದ್ದವು. ಅವೇ ಸ್ಪೋರೊಜೊಯಿಟ್‌ಗಳು. ಮನುಷ್ಯರ ಮಲೇರಿಯಾದಲ್ಲೂ ಹೀಗೆಯೇ ಎಂಬುದನ್ನು ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ತೋರಿಸಿದರು. ರಾಸ್ ಅವರಿಗೆ 1902ರಲ್ಲಿ ನೊಬೆಲ್ ಬಂತು. ಆ ಕೀರ್ತಿಗಾಗಿ ಇಬ್ಬರೂ ವರ್ಷಗಟ್ಟಲೆ ಜಗಳವಾಡಿದ್ದನ್ನು ತರಗತಿಯಲ್ಲಿ ಹೇಳಬೇಕೇ ಎಂಬುದು ನಿಮಗೇ ಬಿಟ್ಟದ್ದು.

ಈ ಕಡ್ಡಿಗಳು ಮನುಷ್ಯದೇಹದಲ್ಲಿ ಮೊದಲು ಎಲ್ಲಿ ಅಡಗುತ್ತವೆಂದು ತಿಳಿಯುವ ಮೊದಲೇ, 1932ರಲ್ಲಿ, ರಾಸ್ ತೀರಿಕೊಂಡರು. ಯಕೃತ್ತಿನಲ್ಲಿ ಎಂಬುದು ಶಾರ್ಟ್ ಮತ್ತು ಗಾರ್ನಮ್ ಅವರಿಂದ ತಿಳಿದದ್ದು 1948ರಲ್ಲಿ. ಪಾಠದ ಜೀವಾಳ ಇಲ್ಲಿದೆ. ಸೊಳ್ಳೆ ಕಚ್ಚಿದ ಕೆಲವೇ ಗಂಟೆಗಳೊಳಗೆ ಸ್ಪೋರೊಜೊಯಿಟ್ ಯಕೃತ್ತಿನ ಕೋಶ ಹೊಕ್ಕು, ಸಾವಿರಾರಾಗಿ ಹೆಚ್ಚಿ, ಬೇರೆಯೇ ಮೇಲ್ಮೈ ಧರಿಸಿ ರಕ್ತಕ್ಕಿಳಿಯುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಫ್ರಿಕದ ಮಕ್ಕಳಿಗೆ ಶಿಫಾರಸು ಮಾಡಿದ ಆರ್‌ಟಿಎಸ್,ಎಸ್ ಲಸಿಕೆಯಲ್ಲಿರುವುದು ಸ್ಪೋರೊಜೊಯಿಟ್‌ನ ಹೊರಮೈ ಪ್ರೋಟೀನಿನ ಒಂದು ತುಣುಕು. ಅದನ್ನು ಗುರುತಿಸಿದ ಬಿ ಕೋಶಗಳು, ಸಹಾಯಕ ಟಿ ಕೋಶಗಳ ನೆರವಿನಿಂದ, ಪ್ರತಿಕಾಯಗಳನ್ನು ತಯಾರಿಸುತ್ತವೆ. ಪ್ರತಿಕಾಯಗಳು ಕಾದು ನಿಂತಿರಬೇಕು. ಕಚ್ಚಿದ ಮೇಲೆ ತಯಾರಿಸಿಕೊಳ್ಳಲು ಸಮಯವಿಲ್ಲ. ಒಂದೇ ಒಂದು ಸ್ಪೋರೊಜೊಯಿಟ್ ನುಸುಳಿದರೂ ರಕ್ತದಲ್ಲಿ ಹುಟ್ಟುವ ಹೊಸ ರೂಪವನ್ನು ಇವು ಗುರುತಿಸಲಾರವು.

ಸಿಡುಬಿನ ಲಸಿಕೆ ಒಮ್ಮೆ ಸಾಕಾಗಿತ್ತಲ್ಲ, ಇದಕ್ಕೇಕೆ ನಾಲ್ಕು ಡೋಸು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಮೊದಲ ಮೂರು ಡೋಸುಗಳಿಂದ ಏರಿದ ಪ್ರತಿಕಾಯಗಳು ತಿಂಗಳು ಕಳೆದಂತೆ ಇಳಿಯುತ್ತವೆ. ನಾಲ್ಕನೆಯದು ಅವನ್ನು ಮತ್ತೆ ಏರಿಸುತ್ತದೆ. ಈ ಏರಿಳಿತದ ರೇಖೆಯನ್ನು ಕಪ್ಪುಹಲಗೆಯ ಮೇಲೆ ಮಕ್ಕಳ ಕೈಯಿಂದಲೇ ಬರೆಸಿ.