ಏಳು ಬೀಜದ ಬಾಬಾ ಬುಡನ್: ಗಿರಿಯ ಹೆಸರು, ಕಾಫಿಯ ದರ್ಜೆ, ಪೇಟೆಯ ಬೆಲೆ

ಚಿಕ್ಕಮಗಳೂರು ಪೇಟೆಯಿಂದ ಉತ್ತರಕ್ಕೆ ಮುಖ ಮಾಡಿ ನಿಂತರೆ ಕುದುರೆ ಲಾಳದ ಹಾಗೆ ಬಾಗಿದ ಗಿರಿಶ್ರೇಣಿ ಕಾಣುತ್ತದೆ. ಹಳೆಯ ಹೆಸರು ಚಂದ್ರದ್ರೋಣ. ಜನರ ಬಾಯಲ್ಲಿ ಬಾಬಾ ಬುಡನ್‌ಗಿರಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇರುವುದೂ ಇದೇ ಸಾಲಿನಲ್ಲಿ. ಒಬ್ಬ ಸೂಫಿ ಸಂತರ ಹೆಸರು ಬೆಟ್ಟಕ್ಕೆ ಬಂತು, ಬೆಟ್ಟದ ಹೆಸರು ಕಾಫಿಗೆ ಬಂತು. ಇವತ್ತು ಆ ಹೆಸರಿಗೆ ಕಾನೂನಿನ ರಕ್ಷಣೆಯೂ ಉಂಟು, ಪೇಟೆಯಲ್ಲಿ ಬೆಲೆಯೂ ಉಂಟು. ಆದರೆ ಆ ಸಂತರು ಒಂದು ಕಾಳನ್ನಾದರೂ ಮಾರಿದರು ಅಂತ ಯಾವ ಕಥೆಯೂ ಹೇಳುವುದಿಲ್ಲ.

ಗುರುವಿನ ಗುಹೆ

ಬಾಬಾ ಬುಡನ್ ಅವರ ಬದುಕು ದಾಖಲೆಗಿಂತ ಹೆಚ್ಚಾಗಿ ಜನರ ನೆನಪಿನಲ್ಲಿ ಉಳಿದು ಬಂದದ್ದು. ಗಿರಿಯ ಮೇಲಿನ ಗುಹೆಯಲ್ಲಿ ದಾದಾ ಹಯಾತ್ ಮೀರ್ ಖಲಂದರ್ ಅವರು ನೆಲೆಸಿ ಇಬಾದತ್ ಮಾಡಿದರು, ಬಾಬಾ ಬುಡನ್ ಅದೇ ಗುರುಪರಂಪರೆಯಲ್ಲಿ ಬಂದವರು ಎಂಬುದು ಅಲ್ಲಿಯ ನಂಬಿಕೆ. ಫಕೀರರ ಬದುಕು ಅಂದರೆ ಆಸ್ತಿ ಇಲ್ಲ, ಅಂಗಡಿ ಇಲ್ಲ. ಬಂದವರಿಗೆ ಒಂದು ತುತ್ತು ಅನ್ನ, ಕಷ್ಟ ಹೇಳಿಕೊಂಡವರಿಗೆ ಒಂದು ದುಆ. ಗುಹೆಗೆ ಬರುವವರ ಜಾತಿ ಮತ ಯಾರೂ ಕೇಳುತ್ತಿರಲಿಲ್ಲ. ಹಿಂದೂಗಳು ಅದೇ ಗುಹೆಯನ್ನು ದತ್ತಾತ್ರೇಯ ಪೀಠ ಅಂತ ನಂಬಿ ಬಂದರು, ಮುಸ್ಲಿಮರು ದರ್ಗಾ ಅಂತ ಬಂದರು. ಇತ್ತೀಚಿನ ದಶಕಗಳಲ್ಲಿ ಈ ಜಾಗದ ವಿಷಯ ಕೋರ್ಟು ಮೆಟ್ಟಿಲು ಹತ್ತಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಶತಮಾನಗಳ ಕಾಲ ಒಂದೇ ಬೆಟ್ಟವನ್ನು ಎರಡೂ ಕಡೆಯವರು ಹತ್ತಿದ್ದೂ ಅಷ್ಟೇ ನಿಜ.

ಮೋಕಾ ಬಂದರಿನ ಮಾಲು

ಹದಿನೇಳನೇ ಶತಮಾನದಲ್ಲಿ ಹಜ್ಜ್‌ಗೆ ಹೋಗುವುದು ಅಂದರೆ ಗಾಳಿ ಕಾಯುವುದು. ಪಶ್ಚಿಮ ಕರಾವಳಿಯಿಂದ ಹಾಯಿ ಹಡಗು ಹತ್ತಿ, ಅರಬಿ ಸಮುದ್ರ ದಾಟಿ, ಕೆಂಪು ಸಮುದ್ರದ ಬಾಯಿಯೊಳಗೆ ನುಗ್ಗಿ ಜಿದ್ದಾ ಸೇರಬೇಕು. ಆ ಬಾಯಿಯ ಹತ್ತಿರವೇ ಯೆಮನ್ ದೇಶದ ಮೋಕಾ ಬಂದರು. ಬಾಬಾ ಬುಡನ್ ಅವರು ಹಜ್ಜ್ ಮುಗಿಸಿ ಬರುವಾಗ ಈ ದಾರಿಯಲ್ಲಿ ಕಾಫಿ ಕಂಡರು ಅಂತ ಪ್ರತೀತಿ.

ಒಬ್ಬ ಸೂಫಿಗೆ ಕಾಫಿಯ ಪರಿಚಯ ಆದದ್ದು ಆಶ್ಚರ್ಯವಲ್ಲ. ಹದಿನೈದನೇ ಶತಮಾನದಲ್ಲಿ ಯೆಮನ್‌ನ ಸೂಫಿಗಳೇ ರಾತ್ರಿಯ ದಿಕ್ರ್‌ನಲ್ಲಿ ನಿದ್ದೆ ಬಾರದ ಹಾಗೆ ಖಹ್ವಾ ಕುಡಿಯುವುದನ್ನು ರೂಢಿಗೆ ತಂದವರು. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಅದನ್ನು ನಿಷೇಧಿಸಿದ, ನಿಷೇಧ ಹೆಚ್ಚು ದಿನ ನಿಲ್ಲಲಿಲ್ಲ. ಬಾಬಾ ಬುಡನ್ ಅವರ ಕಾಲಕ್ಕೆ ಕಾಫಿ ಅಂದರೆ ದೊಡ್ಡ ವ್ಯಾಪಾರ. ತಮಾಷೆ ಎಂದರೆ ಮೋಕಾದಲ್ಲಿ ಕಾಫಿ ಬೆಳೆಯುತ್ತಲೇ ಇರಲಿಲ್ಲ. ಅದು ಸುಡುವ ಮರಳಿನ ಕರಾವಳಿ. ಕಾಫಿ ಬೆಳೆದದ್ದು ಒಳನಾಡಿನ ಬೆಟ್ಟಗಳ ಮೆಟ್ಟಿಲು ಗದ್ದೆಗಳಲ್ಲಿ. ಬೈತುಲ್ ಫಖೀಹ್ ಎಂಬ ಊರಿನ ಸಂತೆಯಲ್ಲಿ ಅದರ ರೇಟು ನಿಂತು, ಮಾಲು ಒಂಟೆಯ ಮೇಲೆ ಬಂದರಿಗೆ ಬರುತ್ತಿತ್ತು. ಬೆಳೆದ ಊರಿನ ಹೆಸರು ಅಳಿಸಿ, ಹಡಗು ಹತ್ತಿದ ಊರಿನ ಹೆಸರು ಗೋಣಿಗೆ ಅಂಟಿತು.

ಲೋಕಕ್ಕೆಲ್ಲ ಕಾಫಿ ಮಾರುವವರು ಯೆಮನ್‌ನವರು ಮಾತ್ರ. ಆ ಲಾಭ ಕೈತಪ್ಪಬಾರದು ಅಂತ ಮೊಳಕೆ ಬರುವ ಬೀಜ ಹೊರಗೆ ಹೋಗದ ಹಾಗೆ ನೋಡಿಕೊಳ್ಳುತ್ತಿದ್ದರು, ಹೊರಗೆ ಹೋಗುವ ಬೀಜವನ್ನು ಬೇಯಿಸಿ ಅಥವಾ ಹುರಿದು ಕೊಡುತ್ತಿದ್ದರು ಅಂತ ಹೇಳುತ್ತಾರೆ.

ಏಳು ಬೀಜ

ಈ ಕಾವಲು ದಾಟಿ ಬಾಬಾ ಬುಡನ್ ಅವರು ಏಳು ಹಸಿ ಬೀಜ ತಂದರು. ಸೊಂಟಕ್ಕೆ ಕಟ್ಟಿಕೊಂಡು ತಂದರು ಅಂತ ಕೆಲವರು, ಗಡ್ಡದೊಳಗೆ ಅಡಗಿಸಿ ತಂದರು ಅಂತ ಕೆಲವರು ಹೇಳುತ್ತಾರೆ. ವರ್ಷ 1670 ಅಂತ ಸಾಮಾನ್ಯವಾಗಿ ಬರೆಯುತ್ತಾರೆ.

ಕೃಷಿ ಗೊತ್ತಿದ್ದವರು ಈ ಕಥೆಯಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಕಾಫಿ ಬೀಜ ಭತ್ತದ ಹಾಗೆ ವರ್ಷಗಟ್ಟಲೆ ಇಟ್ಟರೆ ಮೊಳೆಯುವುದಿಲ್ಲ. ಕೆಲವೇ ತಿಂಗಳಲ್ಲಿ ಅದರ ಜೀವ ಹೋಗುತ್ತದೆ. ಹಾಗಾಗಿ ಹಡಗು ಇಳಿದವರು ತಡಮಾಡದೆ ಘಟ್ಟ ಹತ್ತಿ ನೆಟ್ಟಿರಲೇಬೇಕು. ಎರಡು, ಅರೇಬಿಕಾ ಗಿಡ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಇನ್ನೊಂದು ಗಿಡ ಬೇಕಾಗಿಲ್ಲ. ಬೆರಳೆಣಿಕೆಯ ಬೀಜದಿಂದ ತೋಟ ಆಗುವುದು ಬರೀ ಪವಾಡದ ಮಾತಲ್ಲ, ಗಿಡದ ಗುಣವೇ ಹಾಗೆ.

ಗುಹೆಯ ಹತ್ತಿರವೇ ಅವರು ಬೀಜ ಊರಿದರು. ಎತ್ತರ, ತಂಪು, ಮರದ ನೆರಳು, ಮಳೆ, ನೀರು ನಿಲ್ಲದ ಇಳಿಜಾರು, ಅರೇಬಿಕಾಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು. ನಾಲ್ಕಾರು ವರ್ಷದಲ್ಲಿ ಗಿಡ ಹಣ್ಣು ಬಿಟ್ಟಿತು. ಆ ಹಣ್ಣಿನ ಬೀಜ ಸುತ್ತಲಿನವರ ಹಿತ್ತಿಲಿಗೆ ಹೋಯಿತು. ಮೋಕಾದಲ್ಲಿ ಕಾವಲು ಹಾಕಿದ ಮಾಲು ಗಿರಿಯಲ್ಲಿ ಬೇಕಾದವರ ಕೈ ಸೇರಿತು. ಬಾಬಾ ಬುಡನ್ ಅವರು ಗಿರಿಯಲ್ಲೇ ಕೊನೆಯುಸಿರೆಳೆದರು ಎಂಬುದು ನಂಬಿಕೆ. ಅವರ ನೆನಪಿನ ಉರೂಸ್ ಇಂದಿಗೂ ನಡೆಯುತ್ತದೆ.

ಹೆಸರು ಉಳಿಯಿತು, ಗಿಡ ಬದಲಾಯಿತು

ಅವರ ನಂತರದ ಕಾಲದಲ್ಲಿ ಡಚ್ಚರು 1696ರಲ್ಲಿ ಮಲಬಾರ್ ತೀರದಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಒಯ್ದರು. ಅವು ನೆರೆಯಲ್ಲಿ ಕೊಚ್ಚಿಹೋದವು. 1699ರಲ್ಲಿ ಮತ್ತೆ ಒಯ್ದರು. ಜಾವಾದ ಗಿಡ 1706ರಲ್ಲಿ ಆಮ್‌ಸ್ಟರ್‌ಡ್ಯಾಂಗೆ, ಅಲ್ಲಿಂದ 1714ರಲ್ಲಿ ಪ್ಯಾರಿಸ್‌ಗೆ, ಆಮೇಲೆ ಅಮೆರಿಕ ಖಂಡದ ಕಡೆಗೆ ಹೋಯಿತು. ಬ್ರೆಜಿಲ್ ಮಾರುಕಟ್ಟೆ ಆಳುವುದಕ್ಕೆ ಬಹಳ ಮೊದಲೇ ಮಲಬಾರ್ ತೀರ ಕಾಫಿಯ ದಾರಿಯಲ್ಲಿತ್ತು.

ಗಿರಿಯಲ್ಲಿ ದೊಡ್ಡ ಮಟ್ಟದ ಪ್ಲಾಂಟೇಶನ್ ಬಂದದ್ದು ಬ್ರಿಟಿಷರ ಕಾಲಕ್ಕೆ. 1830ರ ಸುಮಾರಿಗೆ ಥಾಮಸ್ ಕ್ಯಾನನ್ ಎಂಬವರು ಬಾಬಾ ಬುಡನ್ ದರ್ಗಾದ ದಕ್ಷಿಣದ ಎತ್ತರದಲ್ಲಿ ತೋಟ ಮಾಡಿದರು. ಅಲ್ಲಿಯ ಹಳೆಯ ತಳಿಗೆ ಚಿಕ್ಕಮಗಳೂರಿನ ಹೆಸರಿನಿಂದಲೇ ಚಿಕ್ ಅಂತ ಕರೆದರು. 1860ರ ದಶಕದಲ್ಲಿ ಕಾಂಡಕೊರಕ ಹುಳ, ಅದರ ಬೆನ್ನಿಗೆ ಎಲೆ ತುಕ್ಕು ರೋಗ ಬಂದು ಚಿಕ್ ತೋಟಗಳು ನೆಲಕಚ್ಚಿದವು. ಬದಲಿಗೆ ಕೊಡಗಿನ ತಳಿ ಬಂತು, ನಂತರ ಕೆಂಟ್ ಬಂತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಎಸ್.795 ತಳಿ ಕೊಟ್ಟಿತು. ಹಾಗಾಗಿ ಇವತ್ತು ಗಿರಿಯಲ್ಲಿ ಬೆಳೆಯುವ ಗಿಡಗಳೆಲ್ಲ ಆ ಏಳು ಬೀಜದ ನೇರ ಸಂತಾನ ಅಂತ ಹೇಳಲಿಕ್ಕಾಗದು. ಉಳಿದದ್ದು ಮಣ್ಣು, ಎತ್ತರ, ನೆರಳು, ಮತ್ತು ಹೆಸರು.

ದರ್ಜೆ ಅಂದರೆ ಮೊದಲು ಜರಡಿ

ಈ ಹೆಸರಿನ ಕಾಫಿ ಕೊಳ್ಳುವವರು ಊರು, ದರ್ಜೆ, ರುಚಿ ಮೂರನ್ನೂ ಒಂದೇ ಅಂದುಕೊಳ್ಳುತ್ತಾರೆ. ಮೂರೂ ಬೇರೆ ಬೇರೆ.

ನವೆಂಬರ್‌ನಿಂದ ಜನವರಿಯವರೆಗೆ ಕೊಯ್ದ ಅರೇಬಿಕಾ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ಹುಳಿ ಬರಿಸಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಚೆರ್ರಿ. ಪಾರ್ಚ್‌ಮೆಂಟ್ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ ಮೇಲಿನ ಹೊಟ್ಟು ಕಳಚಿದ ಮೇಲೆ ಅದಕ್ಕೆ ಪ್ಲಾಂಟೇಶನ್ ಅಂತ ಹೆಸರು. ನಂತರ ಜರಡಿ. ಜರಡಿಯ ನಂಬರು ತೂತಿನ ಅಳತೆ, ಅದೂ ಇಂಚಿನ 64ನೇ ಒಂದು ಭಾಗದ ಲೆಕ್ಕದಲ್ಲಿ. 18ನೇ ಜರಡಿ ಅಂದರೆ ಸುಮಾರು 7.1 ಮಿಲಿಮೀಟರ್. ಅದರ ಮೇಲೆ ನಿಲ್ಲುವ ಕಾಳು ಪ್ಲಾಂಟೇಶನ್ ಎಎ. 17ರ ಮೇಲೆ ನಿಂತರೆ ಎ, 15ರ ಮೇಲೆ ಬಿ, 14ರ ಮೇಲೆ ಸಿ. ಹಣ್ಣಿನೊಳಗೆ ಎರಡರ ಬದಲು ಒಂದೇ ಕಾಳು ದುಂಡಗೆ ಬೆಳೆದರೆ ಅದು ಪೀಬೆರಿ, ಅದನ್ನು ಬೇರೆಯೇ ತೆಗೆಯುತ್ತಾರೆ. ಎಎಗಿಂತಲೂ ದಪ್ಪ ಕಾಳು ಆರಿಸಿ ಮಾಡುವ ವಿಶೇಷ ದರ್ಜೆಗೆ ಮೈಸೂರ್ ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್ ಅಂತ ಹೆಸರು.

ಆದರೆ ಎಎ ಅಂದ ಕೂಡಲೇ ರುಚಿ ಹೆಚ್ಚು ಅಂತ ಅರ್ಥವಲ್ಲ. ಅದು ಗಾತ್ರದ ಮಾತು. ಒಂದೇ ಅಳತೆಯ ಕಾಳು ಒಂದೇ ಹದಕ್ಕೆ ಹುರಿಯುತ್ತದೆ, ನೋಡಲಿಕ್ಕೂ ಚಂದ, ಹಾಗಾಗಿ ಬೆಲೆ ಹೆಚ್ಚು. ರುಚಿ ನಿರ್ಧಾರ ಆಗುವುದು ಹಣ್ಣು ಸರಿಯಾಗಿ ಕೆಂಪಾಗಿತ್ತೇ, ಹುಳಿ ಹದ ತಪ್ಪಿತೇ, ಒಣಗುವಾಗ ಮಳೆಗೆ ಸಿಕ್ಕಿತೇ ಎಂಬುದರ ಮೇಲೆ. ಕುಡಿದು ನೋಡಿಯೇ ಅದನ್ನು ಹೇಳಬೇಕು.

ಮೋಕಾದ ಹಾಗೆ ಕರಾವಳಿಯ ಹೆಸರು ಹೊತ್ತ ಮಾಲು ಈ ಕಡೆಯೂ ಉಂಟು. ಹಾಯಿ ಹಡಗಿನ ಕಾಲದಲ್ಲಿ ಕಾಫಿ ಯುರೋಪಿಗೆ ತಿಂಗಳುಗಟ್ಟಲೆ ಪ್ರಯಾಣ ಮಾಡಿ, ಸಮುದ್ರದ ತೇವಕ್ಕೆ ಉಬ್ಬಿ ಹಳದಿ ಬಣ್ಣಕ್ಕೆ ತಿರುಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿ ಹಡಗು ಬಂದ ಮೇಲೆ ಆ ರುಚಿ ಹೋಯಿತು. ಆಗ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಕಾಫಿ ಹರಡಿ ಅದೇ ಗುಣ ತಂದರು. ಅದೇ ಮಾನ್ಸೂನ್ಡ್ ಮಲಬಾರ್. ಕಾಳು ಮಲೆನಾಡಿನದ್ದು, ಹೆಸರು ಕಡಲತೀರದ್ದು. ಮಂಗಳೂರಿನ ಗೋದಾಮುಗಳಲ್ಲಿ ಈ ಕೆಲಸ ಇಂದಿಗೂ ನಡೆಯುತ್ತದೆ.

ಬೆಲೆ ಎಲ್ಲಿ ನಿಲ್ಲುತ್ತದೆ

ಬಾಬಾ ಬುಡನ್ ಅವರ ಕಾಲದಲ್ಲಿ ಕಾಫಿಯ ರೇಟು ನಿಂತದ್ದು ಯೆಮನ್ ಸಂತೆಯಲ್ಲಿ. ಈಗ ಅರೇಬಿಕಾದ ಬೆಲೆ ನ್ಯೂಯಾರ್ಕ್‌ನಲ್ಲಿ, ವಯನಾಡು ಕೊಡಗಿನವರು ಬೆಳೆಯುವ ರೋಬಸ್ಟಾದ ಬೆಲೆ ಲಂಡನ್‌ನಲ್ಲಿ. 1942ರ ಕಾಫಿ ಕಾಯಿದೆಯ ಮೇಲೆ ದಶಕಗಳ ಕಾಲ ಬೆಳೆಗಾರರು ಮಾಲನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. 1990ರ ದಶಕದಲ್ಲಿ ಹಂತ ಹಂತವಾಗಿ ಅದು ಹೋಗಿ, ಮಾರುವ ಸ್ವಾತಂತ್ರ್ಯವೂ ಬೆಲೆ ಬೀಳುವ ಭಯವೂ ಒಟ್ಟಿಗೆ ಬಂತು. ಬ್ರೆಜಿಲ್‌ನಲ್ಲಿ ಬರ ಬಂದರೆ ಗಿರಿಯಲ್ಲಿ ರೇಟು ಏರುತ್ತದೆ. 2024ರ ಡಿಸೆಂಬರ್‌ನಲ್ಲಿ ಅರೇಬಿಕಾ 1977ರ ದಾಖಲೆ ಮುರಿಯಿತು. 2025ರ ಆರಂಭದಲ್ಲಿ ಪೌಂಡಿಗೆ 4 ಡಾಲರ್, ಅಂದರೆ ಕಿಲೋಗೆ ಸುಮಾರು 8.8 ಡಾಲರ್ ದಾಟಿತು. ಒಳ್ಳೆ ಹೆಸರು, ಒಳ್ಳೆ ದರ್ಜೆಯ ಮಾಲಿಗೆ ಈ ದರದ ಮೇಲೆ ಇಷ್ಟು ಅಂತ ಹೆಚ್ಚು ಸಿಗುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. 50 ಕಿಲೋ ಪಾರ್ಚ್‌ಮೆಂಟ್ ಮೂಟೆಗೆ 20,000 ರೂಪಾಯಿ ಅಂತ ಇಟ್ಟುಕೊಳ್ಳಿ. ಹೊಟ್ಟು ಹೋಗಿ ಸಿಗುವುದು ಸುಮಾರು 40 ಕಿಲೋ ಕಾಳು, ಕಿಲೋಗೆ 500 ಆಯಿತು. ಹುರಿದರೆ ನೂರಕ್ಕೆ 16ರಷ್ಟು ತೂಕ ಇಳಿದು 33.6 ಕಿಲೋ ಉಳಿಯುತ್ತದೆ, ಕಿಲೋಗೆ 595 ಆಯಿತು. ಕ್ಯೂರಿಂಗ್ ಕೂಲಿ, ಸಾಗಾಟ, ಪ್ಯಾಕೆಟ್, ಲಾಭ ಇನ್ನೂ ಸೇರಿಸಿಲ್ಲ. ಅದರಲ್ಲೂ ಎಎ ಆಗಿ ನಿಲ್ಲುವುದು ಒಂದು ಪಾಲು ಮಾತ್ರ. ಹೀಗಿರುವಾಗ ಯಾರಾದರೂ ಅದೇ ದಿನಗಳಲ್ಲಿ ಶುದ್ಧ ಗಿರಿ ಅರೇಬಿಕಾ ಪುಡಿ ಅಂತ ಕಿಲೋಗೆ 400 ರೂಪಾಯಿಗೆ ಕೊಟ್ಟರೆ, ಅದರಲ್ಲಿ ಚಿಕೋರಿಯೋ ಬೇರೆ ಮಾಲೋ ಸೇರಿರಲೇಬೇಕು. ಚಿಕೋರಿ ಸೇರಿಸುವುದು ತಪ್ಪಲ್ಲ. ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯದಿರುವುದು ತಪ್ಪು.

ಹೆಸರು ಒಂದು ಅಮಾನತ್

2019ರಲ್ಲಿ ಬಾಬಾ ಬುಡನ್‌ಗಿರಿ ಅರೇಬಿಕಾಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಅದರ ಜೊತೆಗೆ ಚಿಕ್ಕಮಗಳೂರು ಅರೇಬಿಕಾ, ಕೊಡಗಿನ ಅರೇಬಿಕಾ, ವಯನಾಡ್ ರೋಬಸ್ಟಾ, ಆಂಧ್ರದ ಅರಕು ಕಣಿವೆಯ ಅರೇಬಿಕಾಕ್ಕೂ ಸಿಕ್ಕಿತು. ಒಂದೇ ಜಿಲ್ಲೆಯಲ್ಲಿದ್ದರೂ ಗಿರಿಯ ಕಾಫಿಗೂ ಚಿಕ್ಕಮಗಳೂರಿನ ಕಾಫಿಗೂ ಬೇರೆ ಬೇರೆ ಗುರುತು. ಎತ್ತರದ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುವುದರಿಂದ ಗಿರಿಯ ಕಾಫಿಗೆ ಅದರದ್ದೇ ಪರಿಮಳ. ಇನ್ನು ಮುಂದೆ ಆ ಹೆಸರು ಬರೆಯುವವರ ಮಾಲು ಆ ಗಿರಿಯದ್ದೇ ಆಗಿರಬೇಕು ಅಂತ ಕಾನೂನು ಹೇಳುತ್ತದೆ.

ಮೀನು, ಉಪ್ಪು ಹೊತ್ತು ಘಟ್ಟ ಹತ್ತಿ, ಕಾಫಿ, ಅಡಿಕೆ, ಮೆಣಸು ಹೊತ್ತು ಇಳಿದ ಬ್ಯಾರಿ ವ್ಯಾಪಾರಿಗಳಿಗೆ ಈ ಮಾತು ಹೊಸತಲ್ಲ. ಮಾಲಿನ ಹೆಸರು ಸುಳ್ಳಾದರೆ ಮುಂದಿನ ವರ್ಷ ಗಿರಾಕಿ ಇಲ್ಲ. ಗಿರಿಯ ಕಾಫಿ ಕೊಳ್ಳುವವರು ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಿದರೆ ಸಾಕು: ಯಾವ ತೋಟದ್ದು, ಪಾರ್ಚ್‌ಮೆಂಟೋ ಚೆರ್ರಿಯೋ, ಯಾವ ದರ್ಜೆ, ಹುರಿದದ್ದು ಯಾವಾಗ. ಬಾಬಾ ಬುಡನ್ ಅವರು ಬೀಜಕ್ಕೆ ಬೆಲೆ ಕಟ್ಟಲಿಲ್ಲ. ಅವರ ಹೆಸರಿಗೆ ಬೆಲೆ ಕಟ್ಟಿದವರು ನಂತರ ಬಂದವರು. ಆ ಹೆಸರಿನಲ್ಲಿ ಮಾರುವವರು ಈ ನಾಲ್ಕು ಪ್ರಶ್ನೆಗೆ ನೇರ ಉತ್ತರ ಕೊಡುವ ಹಾಗಿರಬೇಕು.