ಕಾವಸ್‌ಜಿಯ ಮೂಗು

ಶ್ರೀರಂಗಪಟ್ಟಣದ ಯುದ್ಧವೆಂದರೆ ನಮಗೆಲ್ಲ ಟೀಪು, ಕಾರ್ನ್‌ವಾಲಿಸರ ನೆನಪು. ನನಗಂತೂ ಮೊದಲು ನೆನಪಾಗುವವನು ಕಾವಸ್‌ಜಿ, ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಮರಾಠ ಒಕ್ಕಲಿಗ. 1792ರ ಯುದ್ಧದಲ್ಲಿ ಸೆರೆಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಟೀಪುವಿನ ಕಡೆಯವರು ಕತ್ತರಿಸಿದರು. ವರ್ಷಕ್ಕೂ ಮೇಲ್ಪಟ್ಟು ಆತ ಹಾಗೆಯೇ ಬಾಳಿದ.

ಬಳಿಕ ಪುಣೆಯ ಸಮೀಪ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮೇಣದಲ್ಲಿ ಮೂಗಿನ ಆಕಾರ ಮಾಡಿ, ಚಪ್ಪಟೆಯಾಗಿಸಿ, ಹಣೆಯ ಮೇಲಿಟ್ಟು ಗೆರೆ ಎಳೆದ. ಅಷ್ಟು ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿದ. ಕಣ್ಣುಗಳ ನಡುವೆ ಸಣ್ಣ ಪಟ್ಟಿಯೊಂದನ್ನು ಮಾತ್ರ ಕತ್ತರಿಸದೆ ಉಳಿಸಿದ್ದ. ಜಾಣತನವೆಲ್ಲ ಅಲ್ಲಿಯೇ ಇದೆ: ಚರ್ಮ ಹೊಸ ಜಾಗದಲ್ಲಿ ಕೂಡಿಕೊಳ್ಳುವವರೆಗೆ ರಕ್ತ ಹರಿಯುವುದು ಆ ಪಟ್ಟಿಯಿಂದಲೇ.

1794ರಲ್ಲಿ ಈ ಸಂಗತಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಹಿತ ಅಚ್ಚಾಯಿತು. 1814ರಲ್ಲಿ ಅಲ್ಲಿನ ವೈದ್ಯ ಕಾರ್ಪ್ಯೂ ಇದೇ ಕ್ರಮವನ್ನು ಅನುಸರಿಸಿದ. ಇಂದಿನ ವೈದ್ಯರೂ ಅದನ್ನು ಬಿಟ್ಟಿಲ್ಲ. ಕಾವಸ್‌ಜಿಗೆ ಕಂಪನಿಯ ವಿಶ್ರಾಂತಿವೇತನ ದೊರೆಯಿತು. ಮೂಗು ಕಟ್ಟಿದವನ ಹೆಸರನ್ನು ಆ ಪತ್ರಿಕೆ ಅಚ್ಚು ಮಾಡಲಿಲ್ಲ.