ವರ್ತಮಾನಕಾಲದ ಗಂಟು ಬಿಡಿಸಿದ ಕಿಟ್ಟೆಲ್

ಮುಂಡಗೋಡ: ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವ್ಯಾಕರಣದ ವರ್ತಮಾನಕಾಲ ಇಂದಿಗೂ ತೊಡಕಿನ ಅಧ್ಯಾಯ. ಎರಡು ಭಾಷೆಗಳ ನಡುವಣ ಇಂಥ ಗಂಟನ್ನು ಎದುರು ದಿಕ್ಕಿನಿಂದ, ಅಂದರೆ ಇಂಗ್ಲಿಷ್ ಬಲ್ಲವರಿಗೆ ಕನ್ನಡ ವ್ಯಾಕರಣವನ್ನು ತಿಳಿಸುವ ಮೂಲಕ ಬಿಡಿಸಲು ಯತ್ನಿಸಿದವರು ಫರ್ಡಿನಾಂಡ್ ಕಿಟ್ಟೆಲ್. ಮುಂಡಗೋಡಕ್ಕೆ ಸಮೀಪದ ಧಾರವಾಡದಲ್ಲೇ ಅವರ ಕನ್ನಡ ವ್ಯಾಸಂಗ ಆರಂಭವಾಯಿತು.

ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರಿಸಿಯಾದಲ್ಲಿ 1832ರಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಕಿಟ್ಟೆಲ್, ಬಾಸೆಲ್ ಮಿಷನ್ನಿನ ವತಿಯಿಂದ 1853ರಲ್ಲಿ ಭಾರತಕ್ಕೆ ಬಂದರು. ಬಂದದ್ದು ಧರ್ಮಪ್ರಚಾರಕ್ಕೆ, ಮನಸ್ಸು ನೆಲೆಸಿದ್ದು ಭಾಷೆಯಲ್ಲಿ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಸುಮಾರು 70 ಸಾವಿರ ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ನಿಘಂಟಿನ ಪ್ರಖ್ಯಾತಿಯಲ್ಲಿ ಮರೆಯಾದ ಕೃತಿ, 1903ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ಕನ್ನಡ ವ್ಯಾಕರಣ. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಅದರಲ್ಲಿ ಜೊತೆಯಾಗಿ ಪರಿಶೀಲಿಸಲಾಗಿದೆ. ಹಳಗನ್ನಡದ 'ಮಾಡಿದಪಂ', ನಡುಗನ್ನಡದ 'ಮಾಡುತಿಹನು', ಇಂದಿನ 'ಮಾಡುತ್ತಾನೆ' ಇವು ಮೂರೂ ವರ್ತಮಾನದ ರೂಪಗಳೇ. ಕಾಲವನ್ನು ಸೂಚಿಸುವ ಬಗೆ ಒಂದೇ ಭಾಷೆಯಲ್ಲೂ ಬದಲಾಗುತ್ತಾ ಬಂದಿದೆ.

ಎರಡು ಭಾಷೆಗಳ ನಡುವೆ ಅಂತರ ಮತ್ತಷ್ಟು ಹೆಚ್ಚು. ಕನ್ನಡದ 'ಬರುತ್ತೇನೆ' ದಿನನಿತ್ಯದ ರೂಢಿಗೂ ಸಲ್ಲುತ್ತದೆ, ನಾಳೆಯ ಮಾತಿಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ರೂಢಿಗೆ 'ಐ ಕಮ್', ನಾಳೆಗೆ 'ಐ ವಿಲ್ ಕಮ್', ಈ ಕ್ಷಣ ದಾರಿಯಲ್ಲಿದ್ದರೆ 'ಐ ಆಮ್ ಕಮಿಂಗ್'. ಈ ಕೊನೆಯದಕ್ಕೆ ಕನ್ನಡದಲ್ಲಿ 'ಬರುತ್ತಿದ್ದೇನೆ' ಎಂಬ ಪ್ರತ್ಯೇಕ ರೂಪವಿದೆ. ಬರುತ್ತೇನೆ, ಬರುತ್ತೀಯ, ಬರುತ್ತಾಳೆ ಎಂದು ಕನ್ನಡದ ಕ್ರಿಯಾಪದವೇ ಕರ್ತೃವನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಾದರೋ ಪ್ರಥಮ ಪುರುಷ ಏಕವಚನಕ್ಕೆ ಮಾತ್ರ 'ಕಮ್ಸ್' ಎಂದು 'ಎಸ್' ಸೇರುತ್ತದೆ. ಉಳಿದೆಡೆ ಕ್ರಿಯಾಪದ ಬದಲಾಗದು. ಪದಕ್ಕೆ ಪದವಿಟ್ಟು ಭಾಷಾಂತರಿಸುವ ವಿದ್ಯಾರ್ಥಿ ಎಡವುವುದು ಇಲ್ಲಿಯೇ.

ಆಯಾ ಭಾಷೆಯನ್ನು ಅದರದೇ ನಿಯಮಗಳಿಂದ ಅರಿಯಬೇಕೆಂಬುದು ಕಿಟ್ಟೆಲ್‌ರ ಬದುಕಿನಿಂದ ದೊರೆಯುವ ಪಾಠ. ಅದಕ್ಕಾಗಿಯೇ ಅವರು ಕೇಶಿರಾಜನವರೆಗೆ ಹಿಂದೆ ಹೋದರು. 1892ರಲ್ಲಿ ಸ್ವದೇಶಕ್ಕೆ ಮರಳಿದ ಅವರು, ವ್ಯಾಕರಣ ಅಚ್ಚಾದ 1903ರ ಡಿಸೆಂಬರ್‌ನಲ್ಲೇ ಟ್ಯೂಬಿಂಗನ್‌ನಲ್ಲಿ ನಿಧನರಾದರು. ಧಾರವಾಡದ ಕಿಟೆಲ್ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ.